ಹನ್ನೆರಡನೆಯ ಹಾಡಿಗೆ ಉಳಿದ ನೂರ ಎಪ್ಪತ್ತು ಅಡಿ

1972ರ ಜನವರಿ 9, ಭಾನುವಾರ. ವಿಲ್ಲಿಂಗ್ಡನ್ ಐಲ್ಯಾಂಡಿನ ಬಂದರು ಕ್ವಾರ್ಟರ್ಸಿನ ಒಂದು ಮನೆಯ ಮಲಗುವ ಕೋಣೆಯಲ್ಲಿ ಮೊದಲ ಸಲ ಟೇಪ್ ರೆಕಾರ್ಡರ್ ಇಟ್ಟೆವು. ಕಿಟಕಿಗೆ ಎರಡು ರಜಾಯಿ, ಬಾಗಿಲಿಗೆ ಒಂದು ಹತ್ತಿಯ ಹಾಸಿಗೆ, ಸಿಮೆಂಟಿನ ನೆಲಕ್ಕೆ ಚಾಪೆ. ಫ್ಯಾನ್ ನಿಲ್ಲಿಸಿದ ಐದು ನಿಮಿಷಕ್ಕೆ ಎಲ್ಲರೂ ಬೆವರಿನಲ್ಲಿ ತೊಯ್ದೆವು. ನನ್ನ ಲೆಕ್ಕದ ಪುಸ್ತಕದ ಆ ದಿನದ ಪುಟದಲ್ಲಿ ನಾನು ಬರೆದುಕೊಂಡದ್ದು: ಅಡ್ಡ ಬಂದ ಶಬ್ದಗಳು — ಹಡಗಿನ ಸಿಳ್ಳೆ ನಾಲ್ಕು, ಕಾಗೆ ಒಂಬತ್ತು, ಪಕ್ಕದ ಮನೆಯ ಬಾವಿಯ ರಾಟೆ ಎರಡು.

ಆ ಮನೆಯ ಯಜಮಾನರು ಬಂದರಿನಲ್ಲಿ ಟ್ಯಾಲಿ ಕ್ಲರ್ಕು. ಹಡಗಿನಿಂದ ಇಳಿಯುವ ಮೂಟೆಗಳನ್ನು ಎಣಿಸಿ ಬರೆಯುವ ಕೆಲಸ. ಊರು ಉಡುಪಿಯ ಕಡೆ. ಇಪ್ಪತ್ತು ವರ್ಷಗಳಿಂದ ಕನ್ನಡದಲ್ಲಿ ಹಾಡು ಕಟ್ಟಿ, ತಾವೇ ರಾಗ ಹಾಕಿ, ಕೊಚ್ಚಿಗೆ ವರ್ಗವಾಗಿ ಬಂದ ನಮ್ಮಂಥವರ ಮನೆಗಳಲ್ಲಿ ಹಾಡುತ್ತಿದ್ದರು. ನಾವೆಲ್ಲ ಅವರನ್ನು ಕವಿಗಳು ಎನ್ನುತ್ತಿದ್ದೆವು. ಅವರ ಒಂದು ಹಾಡೂ ಅಚ್ಚಾಗಿರಲಿಲ್ಲ. ಬ್ಯಾಂಕಿನವರು, ಕಸ್ಟಮ್ಸಿನವರು ಕೇಳಿ ಕಲಿತು, ಮತ್ತೆ ವರ್ಗವಾದಾಗ ಪಾತ್ರೆ ಪಗಡೆಯ ಜೊತೆ ಆ ಹಾಡುಗಳನ್ನೂ ಕಟ್ಟಿಕೊಂಡು ಹೋಗುತ್ತಿದ್ದರು. ಹೋದಲ್ಲೆಲ್ಲ ಹಾಡಿಗೆ ಹೊಸ ರೂಪ. ಒಬ್ಬರು ಸಿನಿಮಾದ ಧಾಟಿಗೆ ಎಳೆದರೆ ಇನ್ನೊಬ್ಬರು ಹಾರ್ಮೋನಿಯಂ ಇಟ್ಟುಕೊಂಡು ಭಜನೆ ಮಾಡಿಬಿಡುತ್ತಿದ್ದರು.

"ನನ್ನ ಹಾಡಿಗೆ ಎಡಪ್ಪಳ್ಳಿಯಲ್ಲಿ ಒಂದು ಮೂಗು, ಫೋರ್ಟ್ ಕೊಚ್ಚಿಯಲ್ಲಿ ಒಂದು ಮೂಗು ಬಂದುಂಟು ಮಾರಾಯಾ" ಎಂದು ಕವಿಗಳು ನಗುತ್ತಿದ್ದರು. "ದಾರಿಯಲ್ಲಿ ಸಿಕ್ಕಿದ್ರೆ ನಂಗೇ ಗುರ್ತ ಸಿಗುದಿಲ್ಲ."

ಅದಕ್ಕೇ ಕೊಚ್ಚಿಯ ನಮ್ಮ ಕನ್ನಡದವರ ಕೂಟ ಹನ್ನೆರಡು ಹಾಡುಗಳನ್ನು ಸರಿಯಾದ ಧಾಟಿಯಲ್ಲಿ ಟೇಪಿಗೆ ಹಿಡಿಯಬೇಕೆಂದು ತೀರ್ಮಾನಿಸಿತು. ಕೆಲಸ ನನಗೆ ಬಂತು. ನಾನು ಆಗ ತಿರುವನಂತಪುರದ ಒಂದು ಕೇಂದ್ರ ಸಂಸ್ಥೆಯಲ್ಲಿದ್ದೆ. ಮೇಲೆ ಹೋದ ರಾಕೆಟ್ಟಿನಿಂದ ಬರುವ ಸಂಕೇತಗಳನ್ನು ಟೇಪಿಗೆ ಹಿಡಿಯುವ ಯಂತ್ರಗಳ ಉಸ್ತುವಾರಿ ನನ್ನದು. ಯಾರೋ ಮೂಲೆಗೆ ಹಾಕಿದ್ದ ಹಳೆಯ ರೆಕಾರ್ಡರ್ ಒಂದನ್ನು ಬಿಚ್ಚಿ, ಸರಿಪಡಿಸಿ ಇಟ್ಟುಕೊಂಡಿದ್ದೆ. ಅದನ್ನು ಕವಿಗಳ ಮನೆಯಲ್ಲೇ ಇರಿಸಿದೆ. ಒಂದು ವಾರ ಬಿಟ್ಟು ಒಂದು ವಾರ ಶನಿವಾರದ ರೈಲಿಗೆ ಎರ್ನಾಕುಳಂ, ಅಲ್ಲಿಂದ ದ್ವೀಪ. ಭಾನುವಾರ ಸಂಜೆ ವಾಪಸು.

ಕವಿಗಳು ಎರಡು ಷರತ್ತು ಹಾಕಿದರು. ಮೊದಲನೆಯದು: ದನಿಗೆ ಯಾವ ಬಣ್ಣವೂ ಹಚ್ಚಬಾರದು. ತಂಬೂರಿ ಬಿಟ್ಟರೆ ವಾದ್ಯ ಬೇಡ, ಪ್ರತಿಧ್ವನಿ ಬೇಡ. ಕೂಟದ ಕಾರ್ಯದರ್ಶಿಗಳಿಗೆ ಇದು ಹಿಡಿಸಲಿಲ್ಲ. "ಸ್ವಲ್ಪ ಎಕೋ ಇದ್ರೆ ಚೆನ್ನಾಗಿರುತ್ತಲ್ಲ ಸಾರ್, ರೇಡಿಯೋದಲ್ಲಿ ಬಂದ ಹಾಗೆ?" ಎಂದರು. "ನಾನು ಬಾವಿಯೊಳಗೆ ಕೂತು ಕಟ್ಟಿದ ಹಾಡಲ್ಲ ಅದು. ಮನೆಯೊಳಗೆ ಕೂತು ಕಟ್ಟಿದ್ದು" ಎಂದರು ಕವಿಗಳು.

ಎರಡನೆಯದು: ಅವರ ದನಿ ಟೇಪಿನಲ್ಲಿ ಉಳಿಯಬಾರದು. ಹಾಡುವವಳು ಅವರ ಮಗಳು. ಇವರು ಒಮ್ಮೆ ಮಾದರಿ ಹಾಡಿ ಕೊಡುತ್ತಾರೆ, ಅವಳು ಎರಡು ವಾರ ಅದನ್ನು ಹಾಕಿಕೊಂಡು ಕಲಿಯುತ್ತಾಳೆ, ಕಲಿತ ಮೇಲೆ ಆ ಮಾದರಿಯ ಮೇಲೇ ಅವಳ ಹಾಡನ್ನು ಹಿಡಿಯಬೇಕು. ನಾನು ಯಾಕೆಂದು ಕೇಳಿದೆ.

"ಕಟ್ಟಿದವನೇ ಹಾಡಿದ್ದು ಉಳಿದ್ರೆ ಜನ ಅದಕ್ಕೆ ಹೋಲಿಸಿ ನೋಡುದೇ ಕೆಲಸ ಮಾಡ್ತಾರೆ. ಹಾಡು ಬೇರೆಯವರ ಬಾಯಲ್ಲಿ ನಿಲ್ಬೇಕು. ಆಗ ಅದು ಹಾಡು."

ಟೇಪಿನ ಮಟ್ಟಿಗೂ ನನಗೆ ಇದು ಅನುಕೂಲವೇ ಆಗಿತ್ತು. ಹಡಗೊಂದರ ರೇಡಿಯೋ ಅಧಿಕಾರಿ ಕವಿಗಳಿಗೆ ಪ್ರೀತಿಯಿಂದ ಕೊಟ್ಟಿದ್ದ ಎರಡು ಸ್ಪೂಲ್ ಬಿಟ್ಟರೆ ನಮ್ಮಲ್ಲಿ ಬೇರೆ ಟೇಪು ಇರಲಿಲ್ಲ. ಪೇಟೆಯಲ್ಲಿ ಸಿಗುತ್ತಿರಲಿಲ್ಲ. ಸಂಸ್ಥೆಯ ಟೇಪಿನ ಅಗಲ ಬೇರೆ, ಈ ಯಂತ್ರಕ್ಕೆ ಕೂರುತ್ತಿರಲಿಲ್ಲ. ಒಂದೊಂದು ಸ್ಪೂಲೂ ಸಾವಿರದ ಇನ್ನೂರು ಅಡಿ. ಹಾಗಾಗಿ ನಾನೊಂದು ಪದ್ಧತಿ ಮಾಡಿಕೊಂಡೆ. ಮಾದರಿಯ ಮೇಲೆ ಮಗಳ ಹಾಡು. ಸರಿಬರದಿದ್ದರೆ ಅದರ ಮೇಲೇ ಇನ್ನೊಮ್ಮೆ. ಕವಿಗಳು "ಸರಿ" ಎಂದ ಕೂಡಲೇ ಆ ಉದ್ದವನ್ನು ಬ್ಲೇಡಿನಿಂದ ಕತ್ತರಿಸಿ, ಖಾಲಿ ಸ್ಪೂಲಿಗೆ ಬೆಸೆಯುವುದು. ಕೆಲಸದ ಸ್ಪೂಲು ಕರಗುತ್ತ ಹೋಗುತ್ತದೆ, ಮುಗಿದ ಸ್ಪೂಲು ದಪ್ಪವಾಗುತ್ತ ಹೋಗುತ್ತದೆ. ಎಷ್ಟನೆಯ ಸಲಕ್ಕೆ ಸರಿಬಂತು, ಎಷ್ಟು ಅಡಿ ಹೋಯಿತು, ಏನು ದೋಷ, ಎಲ್ಲಕ್ಕೂ ಪುಸ್ತಕದಲ್ಲಿ ಒಂದೊಂದು ಕಾಲಮ್ಮು.

ಮಗಳಿಗೆ ಆಗ ಹತ್ತೊಂಬತ್ತು. ತಾಯಿ ಇರಲಿಲ್ಲ. ಕೊಚ್ಚಿಯಲ್ಲೇ ಹುಟ್ಟಿ ಬೆಳೆದವಳು. ಕನ್ನಡ ಪೂರ್ತಿ ತಿಳಿಯುತ್ತಿತ್ತು, ಉತ್ತರ ಮಾತ್ರ ಮಲಯಾಳದಲ್ಲಿ. ಹಾಡುಗಳನ್ನು ಮಲಯಾಳದ ಅಕ್ಷರದಲ್ಲಿ ಬರೆದುಕೊಳ್ಳುತ್ತಿದ್ದಳು. ಮೊದಲ ಹಾಡಿಗೆ ಜನವರಿ 23ರಂದು ಅವಳನ್ನು ಮೈಕಿನೆದುರು ನಿಲ್ಲಿಸಿದೆ. ಹದಿನೇಳು ಸಲ ಹಾಡಿದಳು. ಶ್ರುತಿ ಸರಿ, ತಾಳ ಸರಿ, ಆದರೆ ಶಾಲೆಯ ಸ್ಪರ್ಧೆಗೆ ನಿಂತವಳ ದನಿ.

"ಎಂತ ಮಗಾ, ಬಹುಮಾನ ಕೊಡುವವರು ಯಾರೂ ಬರ್ಲಿಲ್ಲ ಇಲ್ಲಿ" ಎಂದರು ಕವಿಗಳು.

"ಮದಿ ಅಪ್ಪಾ" ಎಂದು ಅವಳು ಸಾಕಾಗಿ ಅಡುಗೆಮನೆಗೆ ಹೋದಳು. ಸ್ವಲ್ಪ ಹೊತ್ತಿಗೆ ಅಲ್ಲಿಂದ ಅದೇ ಹಾಡು ಬಂತು. ಈಳಿಗೆಮಣೆಯ ಮೇಲೆ ಕೂತು ಕಾಯಿ ತುರಿಯುತ್ತ, ಯಾರಿಗೂ ಅಲ್ಲದ ಹಾಗೆ ಹಾಡುತ್ತಿದ್ದಳು. ನಾವಿಬ್ಬರೂ ಮುಖ ಮುಖ ನೋಡಿಕೊಂಡೆವು. ಅಂದಿನಿಂದ ಮೈಕನ್ನು ಕಾಲುಮಣೆಯ ಎತ್ತರಕ್ಕೆ ಇಳಿಸಿ, ಅವಳನ್ನು ನೆಲದ ಮೇಲೆ ಕೂರಿಸಿ, ಬಾಯಿಂದ ಹದಿನಾಲ್ಕು ಅಂಗುಲ ದೂರದಲ್ಲಿ, ಸ್ವಲ್ಪ ಬಲಕ್ಕೆ ಇಟ್ಟೆ. ಎದುರಿಗೆ ಮೈಕಿನ ಬದಲು ಅಪ್ಪ. ಮುಂದಿನ ಹಾಡುಗಳು ಆರು, ಏಳು ಸಲಕ್ಕೆ ಸಿಕ್ಕತೊಡಗಿದವು.

ದೋಷದ ಕಾಲಮ್ಮಿನಿಂದ ಕೆಲವು ಸಾಲುಗಳನ್ನು ಇಲ್ಲಿ ಇದ್ದ ಹಾಗೆ ಎತ್ತಿ ಬರೆಯುತ್ತೇನೆ.

ಫೆಬ್ರವರಿ 6: ಮೂರನೆಯ ಮಾದರಿ. ಮೇಲಿನ ಸ್ವರದಲ್ಲಿ ಗರಗರ. ಹೆಡ್ ಸ್ಪಿರಿಟ್ಟಿನಲ್ಲಿ ತೊಳೆದೆ.

ಫೆಬ್ರವರಿ 20: ನಾಲ್ಕನೆಯ ಮಾದರಿ. ಗರಗರ ಹೋಗಿಲ್ಲ. ಮೈಕಿನ ವಯರು ಬದಲಿಸಿದೆ.

ಮಾರ್ಚ್ 5: ಮತ್ತೆ ಅದೇ. ಮೈಕ್ ಹತ್ತಿರ ತಂದರೆ ಹೆಚ್ಚು, ದೂರ ಇಟ್ಟರೆ ಕಡಿಮೆ. ಹೆಡ್ ತೊಳೆದೆ.

ಮಾರ್ಚ್ 19: ಮಗಳ ಹಾಡಿನಲ್ಲಿ ದೋಷವಿಲ್ಲ. ಮಾದರಿಯಲ್ಲಿ ಮಾತ್ರ. ಅಳಿಸುವುದೇ ಆದ್ದರಿಂದ ಚಿಂತೆಯಿಲ್ಲ.

ಮಾರ್ಚ್ 19ರ ಸಾಲನ್ನು ನಾನು ಎಷ್ಟು ಸಲ ಓದಿಕೊಂಡಿದ್ದೇನೋ ಲೆಕ್ಕವಿಟ್ಟಿಲ್ಲ. ಒಂದೇ ಯಂತ್ರ, ಒಂದೇ ಮೈಕು, ಒಂದೇ ಕೋಣೆ. ಒಬ್ಬರ ದನಿ ಶುದ್ಧ, ಇನ್ನೊಬ್ಬರದು ಹರಿದದ್ದು. ನನ್ನ ಸಂಸ್ಥೆಯಲ್ಲಿ ಇಂಥ ಎರಡು ಟೇಪು ಎದುರಿಗೆ ಬಂದಿದ್ದರೆ ದೋಷ ಯಂತ್ರದಲ್ಲಿಲ್ಲ, ಸಂಕೇತ ಹೊರಡುವ ಕಡೆ ಇದೆ ಎಂದು ಐದು ನಿಮಿಷದಲ್ಲಿ ಹೇಳುತ್ತಿದ್ದೆ. ಇಲ್ಲಿ ಹೇಳಲಿಲ್ಲ. ಕವಿಗಳಿಗೆ, "ಸಾರ್, ಬಿಸಿನೀರು ಕುಡೀರಿ" ಎಂದೆ.

"ಕುಡಿತೇನೆ ಮಾರಾಯಾ. ಬಂದರಿನ ಧೂಳು. ಗೋಧಿ ಮೂಟೆ ಬಂದ ವಾರ ನಮ್ಮ ಇಡೀ ಆಫೀಸೇ ಹೀಗೆ ಕೂಗುದು" ಎಂದರು. ನಾನು ನಂಬಿದೆ. ಏಪ್ರಿಲ್ ಕೊನೆಯ ಹೊತ್ತಿಗೆ ದೋಷದ ಕಾಲಮ್ಮಿನಲ್ಲಿ ಗರಗರ ಎಂದು ಬರೆಯುವುದನ್ನೂ ಬಿಟ್ಟು, ಮೇಲಿನ ಸಾಲಿನಂತೆಯೇ ಎಂದು ಎರಡು ಗೀಟು ಹಾಕತೊಡಗಿದ್ದೆ.

ಮೇ 14ರಂದು ಯಂತ್ರದ ಬ್ರೇಕ್ ಕೆಟ್ಟು, ಟೇಪು ನೆಲದ ಮೇಲೆಲ್ಲ ಚೆಲ್ಲಿ ನಾನೂರು ಅಡಿ ಮುದ್ದೆಯಾಯಿತು. ಅಂದು ನನಗೆ ದೊಡ್ಡ ಕಷ್ಟವೆಂದರೆ ಅದೇ ಅನ್ನಿಸಿತ್ತು.

ಜೂನ್ 11. ಮಳೆಗಾಲ ಹಿಡಿದಿತ್ತು. ಮಗಳ ಹನ್ನೊಂದನೆಯ ಹಾಡು ಮುಗಿದು, ಹನ್ನೆರಡನೆಯದಕ್ಕೆ ಕವಿಗಳು ಮಾದರಿ ಹಾಡಬೇಕು. ಆ ಹಾಡನ್ನು ಅವರು ಯಾರ ಮನೆಯಲ್ಲೂ ಹಾಡಿರಲಿಲ್ಲ. ಹೆಂಡತಿ ತೀರಿಹೋದ ವರ್ಷ ಕಟ್ಟಿದ್ದಂತೆ.

ಹೊರಟ ಹಡಗಿಗೆ ಕೈಯ ಬೀಸಿದವರು
ಮರಳಿ ಮನೆಗೆ ನಡೆವ ಹೊತ್ತು

ಹೆಡ್‌ಫೋನಿನಲ್ಲಿ ಕೇಳುತ್ತ ಕೂತಿದ್ದೆ. "ಬೀಸಿ" ಎಂದವರು ಅಲ್ಲೇ ನಿಂತರು. ಉಸಿರೆಳೆದುಕೊಂಡರು. ಆಮೇಲೆ "ದವರು" ಬಂತು. ಪದದ ನಡುವೆ ಉಸಿರು ತೆಗೆದುಕೊಂಡರೆ ನಾನು ಕೈಯೆತ್ತಿ ನಿಲ್ಲಿಸುವುದು ರೂಢಿ. ಮಾದರಿಯೆಂದು ಸುಮ್ಮನಾದೆ. ಪಲ್ಲವಿ, ಒಂದು ಚರಣ ಆಯಿತು. ಎರಡನೆಯ ಚರಣಕ್ಕೆ ಬಾಯಿ ತೆರೆದರು, ಕೆಮ್ಮು ಬಂತು. ಬಹಳ ಹೊತ್ತು ಕೆಮ್ಮಿದರು. ಮಗಳು ಕೊಟ್ಟ ಟವೆಲಿನಲ್ಲಿ ಬಾಯಿ ಒರೆಸಿ ಮಡಿಸಿಕೊಂಡರು. ಮಡಿಸಿದ್ದನ್ನು ಅವಳು ಕಿತ್ತುಕೊಂಡು ಬಿಡಿಸಿದಳು. ಕೆಂಪು ಇತ್ತು.

ಮರುದಿನ ಮೂವರೂ ಒಟ್ಟಿಗೇ ತಿರುವನಂತಪುರಕ್ಕೆ ಹೊರಟೆವು.

ಡಾಕ್ಟರು ವಯಸ್ಸಾದವರು. ಕನ್ನಡಿಯನ್ನು ಬಿಸಿ ಮಾಡಿ ಗಂಟಲೊಳಗೆ ಇಳಿಸಿ ನೋಡಿದರು. ದನಿ ಹೀಗಾಗಿ ಎಷ್ಟು ದಿನವಾಯಿತು ಎಂದು ಮಲಯಾಳದಲ್ಲಿ ಕೇಳಿದರು.

"ಹದಿನೈದು ದಿನ" ಎಂದರು ಕವಿಗಳು.

"ಒಂದು ತಿಂಗಳು" ಎಂದಳು ಮಗಳು.

ನನ್ನ ಚೀಲದಲ್ಲಿ ಪುಸ್ತಕ ಇತ್ತು. ತೆಗೆಯಬೇಕೋ ಬೇಡವೋ ಎಂದು ನಾನು ಯೋಚಿಸಲಿಲ್ಲ. ದಿನಾಂಕ ಕೇಳಿದರೆ ದಿನಾಂಕ ಹೇಳುವುದು ನನ್ನ ಅಭ್ಯಾಸ. ಫೆಬ್ರವರಿ ಆರರಿಂದ ಹಿಡಿದು ಒಂದೊಂದೇ ಸಾಲು ಇಂಗ್ಲಿಷಿನಲ್ಲಿ ಹೇಳುತ್ತ ಹೋದೆ. ಮೂರನೆಯ ಸಾಲಿಗೆ ಬರುವಾಗ ನನ್ನದೇ ದನಿ ನನಗೆ ಬೇರೆಯವರದ್ದರಂತೆ ಕೇಳತೊಡಗಿತು. ಡಾಕ್ಟರು ಕೈ ಚಾಚಿ ಪುಸ್ತಕ ತೆಗೆದುಕೊಂಡರು. ಕನ್ನಡ ಓದಲು ಬಾರದಿದ್ದರೂ ದಿನಾಂಕಗಳ ಮೇಲೆ ಬೆರಳಿಟ್ಟುಕೊಂಡು ಪುಟ ತಿರುವಿದರು.

"ಈ ಪುಸ್ತಕ ನಾಲ್ಕು ತಿಂಗಳ ಹಿಂದೆಯೇ ನನ್ನ ಮೇಜಿಗೆ ಬರಬೇಕಿತ್ತು" ಎಂದರು. ಗದರಿಸಲಿಲ್ಲ. ಮುಚ್ಚಿ, ನನಗೆ ಕೊಡದೆ ಮಗಳ ಕೈಗೆ ಕೊಟ್ಟರು.

ಚೂರು ತೆಗೆದು ಪರೀಕ್ಷೆಗೆ ಕಳಿಸಿದರು. ಫಲಿತಾಂಶ ಬಂತು. ಗಂಟಲಿನ ಧ್ವನಿಪೆಟ್ಟಿಗೆಯನ್ನೇ ತೆಗೆಯಬೇಕು, ಜೀವ ಉಳಿಯಬಹುದು, ದನಿ ಉಳಿಯದು ಎಂದರು. ಜೂನ್ 28, ಬುಧವಾರ ಎಂದು ನಿಗದಿಯಾಯಿತು. ಅಷ್ಟರವರೆಗೆ ಕೊಚ್ಚಿಗೆ ಹೋಗಿ ಬನ್ನಿ ಎಂದರು. ಆಸ್ಪತ್ರೆಯ ವರಾಂಡದಲ್ಲಿ ಮಗಳು ಪುಸ್ತಕ ಬಿಡಿಸಿ ಫೆಬ್ರವರಿ ಇಪ್ಪತ್ತರ ಪುಟ ತೋರಿಸಿ ಓದಿ ಹೇಳಲು ಕೇಳಿದಳು. ಓದಿದೆ. ಫೆಬ್ರವರಿ ಆರನ್ನೂ ಓದಿಸಿದಳು. ಮಾರ್ಚ್ ಐದನ್ನೂ.

"ಚೇಟ್ಟಾ, ಹೆಡ್ ತೊಳೆದೆ ಅಂದ್ರೆ?" ಅಣ್ಣ ಎಂಬುದಕ್ಕೆ ಚೇಟ್ಟಾ ಎಂದದ್ದು ಬಿಟ್ಟರೆ, ಅವಳು ನನ್ನೊಡನೆ ಕನ್ನಡದಲ್ಲಿ ಆಡಿದ ಮೊದಲ ವಾಕ್ಯ ಅದು.

ಟೇಪು ಉಜ್ಜಿ ಹೋಗುವ ಭಾಗದಲ್ಲಿ ಕೊಳೆ ಕೂತರೆ ದನಿ ಒಡೆಯುತ್ತದೆ, ಅದಕ್ಕೆ ಹತ್ತಿಗೆ ಸ್ಪಿರಿಟ್ ಹಚ್ಚಿ ಒರೆಸಬೇಕು ಎಂದು ವಿವರಿಸಿದೆ. ಪೂರ್ತಿ ಕೇಳಿಸಿಕೊಂಡಳು.

"ಅಪ್ಪನ ಗಂಟಲು ಕೆಟ್ಟದ್ದಕ್ಕೆ ನೀವು ಮೆಷಿನ್ ತೊಳೆದಿರಿ" ಎಂದಳು. ಪುಸ್ತಕವನ್ನು ನನ್ನ ಚೀಲದೊಳಗೆ ಹಾಕಿದಳು.

ಕವಿಗಳಿಗೆ ಈ ಮಾತು ಕೇಳಿಸಿತ್ತು. ಊಟಕ್ಕೆ ಕೂತಾಗ ಪಿಸುದನಿಯಲ್ಲಿ, "ಬರೆದಾದರೂ ಇಟ್ಟನಲ್ಲ ಮಗಾ. ನಾನು ಅದೂ ಮಾಡ್ಲಿಲ್ಲ" ಎಂದರು. ನನ್ನ ಪರವಾಗಿ ಯಾರಾದರೂ ಆಡಿದ ಮಾತು ನನ್ನನ್ನು ಇಷ್ಟು ಚುಚ್ಚಿದ್ದು ಇನ್ನೊಂದಿಲ್ಲ.

ಜೂನ್ 25ರ ಭಾನುವಾರಕ್ಕೆ ಮತ್ತೆ ದ್ವೀಪಕ್ಕೆ ಹೋದೆ. ರೈಲಿನಲ್ಲಿ ಲೆಕ್ಕ ಹಾಕಿಕೊಂಡಿದ್ದೆ. ಎರಡು ಸ್ಪೂಲ್ ಸೇರಿ ಎರಡು ಸಾವಿರದ ನಾನೂರು ಅಡಿ. ಹನ್ನೊಂದು ಹಾಡಿಗೆ ಸಾವಿರದ ಏಳುನೂರ ಎಂಬತ್ತು. ಮುದ್ದೆಯಾದದ್ದು ನಾನೂರು. ಕತ್ತರಿಸಿ ಬೆಸೆಯುವಲ್ಲಿ ಹೋದದ್ದು ಐವತ್ತು. ಉಳಿದದ್ದು ನೂರ ಎಪ್ಪತ್ತು ಅಡಿ. ಅಷ್ಟರೊಳಗೆ ಇದ್ದದ್ದು ಕವಿಗಳು ಹಾಡಿ ಅರ್ಧಕ್ಕೆ ನಿಲ್ಲಿಸಿದ ಮಾದರಿ ಮತ್ತು ಅವರ ಕೆಮ್ಮು. ಹಿಂದಿನ ಹನ್ನೊಂದು ಮಾದರಿಗಳನ್ನೂ ನನ್ನ ಕೈಯಾರೆ ಅಳಿಸಿದ್ದೆ. ಅವರ ದನಿ ಈ ಲೋಕದಲ್ಲಿ ಇನ್ನೆಲ್ಲೂ ಇರಲಿಲ್ಲ. ಟೇಪು ಕೊಟ್ಟಿದ್ದ ರೇಡಿಯೋ ಅಧಿಕಾರಿಯ ಹಡಗು ಮತ್ತೆ ಬರುವುದು ಆಗಸ್ಟಿನಲ್ಲಿ. ಈ ತುಂಡನ್ನು ಮುಟ್ಟುವುದಿಲ್ಲ, ಹನ್ನೊಂದೇ ಹಾಡು ಸಾಕು ಎಂದು ಕೊಲ್ಲಂ ದಾಟುವಾಗ ಪುಸ್ತಕದಲ್ಲಿ ಬರೆದು ಕೆಳಗೆ ಗೆರೆ ಎಳೆದಿದ್ದೆ.

ಮನೆಯೊಳಗೆ ಕಾಲಿಟ್ಟರೆ ಕವಿಗಳು ಆಗಲೇ ಕಿಟಕಿಗೆ ರಜಾಯಿ ಕಟ್ಟಿಸಿ ಕೂತಿದ್ದರು.

"ಟೇಪು ಎಷ್ಟು ಉಂಟು?"

"ನೂರ ಎಪ್ಪತ್ತು ಅಡಿ ಸಾರ್. ಅದರಲ್ಲಿ ನಿಮ್ಮ ಮಾದರಿ ಇದೆ."

"ಮತ್ತೆಂತ? ಅದರ ಮೇಲೇ ಹಿಡಿ."

"ವೇಂಡ" ಎಂದಳು ಮಗಳು. ಬೇಡ. ಬಾಗಿಲಿಗೆ ಒರಗಿ ನಿಂತಿದ್ದಳು.

"ಈ ಸಲ ನಾನು ಒತ್ತೋದಿಲ್ಲ ಸಾರ್" ಎಂದೆ.

ಕವಿಗಳು ನಮ್ಮಿಬ್ಬರನ್ನೂ ನೋಡಿದರು. ಮಾತಾಡಲು ಅವರು ಪ್ರತಿ ಸಲವೂ ಒಮ್ಮೆ ಉಸಿರು ಕೂಡಿಸಿಕೊಳ್ಳಬೇಕಾಗಿತ್ತು. "ಇಬ್ಬರೂ ಒಂದಾಗಿದ್ದೀರಿ. ಒಳ್ಳೆದಾಯ್ತು, ನಿನ್ನೆವರೆಗೆ ಇವಳು ನಿನ್ನ ಹೆಸರೆತ್ತಿದ್ರೆ ಪಾತ್ರೆ ಕುಕ್ಕುತ್ತಿದ್ಳು."

ಕವಿಗಳು ಮತ್ತೆ ಉಸಿರು ಕೂಡಿಸಿಕೊಂಡರು.

"ಕೇಳಿ. ಆ ಟೇಪಿನಲ್ಲಿ ಇರುದು ಅರ್ಧ ಹಾಡು. ಎರಡನೆ ಚರಣದ ಧಾಟಿ ಬೇರೆ ಉಂಟು, ಅದು ಇಲ್ಲಿ ಮಾತ್ರ ಇರುದು." ಎದೆ ತೋರಿಸಿದರು. "ಮಾತು ಬರೆದಿಡಬಹುದು. ಧಾಟಿಯನ್ನು ಎಂತ ಬರೆಯುದು, ನಂಗೆ ಸ್ವರ ಬರೆಯಲಿಕ್ಕೆ ಗೊತ್ತಿಲ್ಲ. ಬುಧವಾರ ಆದ್ಮೇಲೆ ಇವಳು ತಪ್ಪು ಹಾಡಿದ್ರೆ ತಪ್ಪು ಹೇಳಿ ಹೇಗೆ ತಿದ್ದುದು?"

"ನನ್ನ ಹನ್ನೊಂದರಲ್ಲಿ ಒಂದು ಅಳಿಸಿ" ಎಂದಳು ಮಗಳು, ಕನ್ನಡದಲ್ಲೇ. "ಮೊದಲನೆಯದು ಅಳಿಸಿ. ಅದು ಚೆನ್ನಾಗಿಲ್ಲ."

"ಹದಿನೇಳು ಸಲ ಹಾಡಿದ್ದು ಅದು" ಎಂದರು ಅವರು. "ಆ ಹಾಡಿಗೆ ಇನ್ನೊಮ್ಮೆ ಕೂರ್ಲಿಕ್ಕೆ ನಾನು ಇರುದಿಲ್ಲ. ಒಂದು ಹಾಡು ಕೊಂದು ನನ್ನ ಕೆಮ್ಮು ಉಳಿಸುದಾ? ಮಗಾ, ಅದು ನನ್ನ ದನಿಯೇ ಅಲ್ಲ. ನನ್ನ ದನಿ ನಿಂಗೆ ಗೊತ್ತುಂಟು. ಇದು ಗಡ್ಡೆ ಹಾಡಿದ್ದು."

"ಎನಿಕ್ಕ್ ಅದು ಮದಿ" ಎಂದಳು. ನನಗೆ ಅದೇ ಸಾಕು ಎಂದು ಅರ್ಥ. ಹೇಳುವಾಗ ಅತ್ತುಬಿಟ್ಟಳು. ಅವರು ಸಮಾಧಾನ ಮಾಡಲಿಲ್ಲ. ಕಾಲುಮಣೆಯ ಪಕ್ಕದ ಚಾಪೆಯನ್ನು ಅಂಗೈಯಿಂದ ಎರಡು ಸಲ ತಟ್ಟಿದರು, ಬಾ ಕೂರು ಎನ್ನುವ ಹಾಗೆ.

ಹೊರಗೆ ಮಳೆ ಹಂಚಿನ ಮೇಲೆ ಸುರಿಯುತ್ತಿತ್ತು. ಈ ಸದ್ದಿನಲ್ಲಿ ಹೇಗೂ ರೆಕಾರ್ಡ್ ಮಾಡುವಂತಿರಲಿಲ್ಲ. ಆಮೇಲೆ ಮಗಳು ಮುಖ ತೊಳೆದು ಬಂದು ಹೆಡ್‌ಫೋನ್ ಹಾಕಿಕೊಂಡು, ಹಾಕಿ ಎಂದು ನನಗೆ ಕೈಸನ್ನೆ ಮಾಡಿದಳು. ಮಾದರಿಯನ್ನು ಹಾಕಿದೆ. ಕಣ್ಣು ಮುಚ್ಚಿ ಕೇಳಿದಳು. ಒರಿಕ್ಕಲ್ ಕೂಡಿ, ಇನ್ನೊಮ್ಮೆ ಎಂದಳು. ಹನ್ನೊಂದು ಸಲ ಕೇಳಿದಳು. ಕೆಮ್ಮು ಬರುವ ಜಾಗ ಬಂದರೂ ಕಿವಿಯಿಂದ ತೆಗೆಯಲಿಲ್ಲ. ಅದಾದ ಮೇಲೆ ಅಪ್ಪನ ಬಾಯಿಯ ಹತ್ತಿರ ಕಿವಿಯಿಟ್ಟು ಎರಡನೆಯ ಚರಣ ಹೇಳಿಸಿಕೊಂಡಳು. ಅವರು ಪಿಸುಗುಟ್ಟುತ್ತ, ಧಾಟಿ ಏರುವಲ್ಲಿ ಕೈ ಏರಿಸುತ್ತ, ಇಳಿಯುವಲ್ಲಿ ಇಳಿಸುತ್ತ ಕಲಿಸಿದರು.

ಒಲೆಯ ಮೇಲಣ ಎಸರು ತಣಿದಿಲ್ಲ ಇನ್ನೂ
ಬಾಗಿಲ ಚಿಲಕದಿ ಬೆರಳ ಬಿಸುಪು

"ಏರ್ಬೇಡ ಅಲ್ಲಿ. ಬಿಸುಪು ಅಂದ್ರೆ ಮೆಲ್ಲಗೆ. ಹಾಂ. ಹಾಗೆ."

ಮೂರೂವರೆಗೆ ಮಳೆ ನಿಂತಿತು. ಹಂಚಿನಿಂದ ತೊಟ್ಟಿಕ್ಕುವ ನೀರಿಗೆ ಕೆಳಗೆ ಗೋಣಿಚೀಲ ಹಾಸಿದೆ. ಟೇಪನ್ನು ಮೊದಲಿಗೆ ಸುತ್ತಿದೆ. ಇಷ್ಟು ದಿನ ಯಾವ ಯೋಚನೆಯೂ ಇಲ್ಲದೆ ಒತ್ತುತ್ತಿದ್ದ ಆ ಕೆಂಪು ಗುಂಡಿಯ ಮೇಲೆ ಬೆರಳಿಟ್ಟು ಮಗಳ ಕಡೆ ನೋಡಿದೆ. ಅವಳು ನನ್ನ ಕಡೆ ನೋಡಲಿಲ್ಲ. ಅಪ್ಪನನ್ನು ನೋಡುತ್ತ ತಲೆಯಾಡಿಸಿದಳು. ಒತ್ತಿದೆ.

ಪಲ್ಲವಿಯ ಮೊದಲ ಸಾಲು ಹೆಡ್‌ಫೋನಿಗೆ ಬಂತು. ಹೊರಟ ಹಡಗಿಗೆ ಕೈಯ ಬೀಸಿ. ನಿಂತಳು. ಉಸಿರೆಳೆದುಕೊಂಡಳು. ದವರು.

ಅವಳ ಉಸಿರು ಕಟ್ಟಿರಲಿಲ್ಲ. ಅದಕ್ಕಿಂತ ಎರಡು ಪಟ್ಟು ಉದ್ದದ ಸಾಲನ್ನು ಅವಳು ಒಂದೇ ಉಸಿರಿನಲ್ಲಿ ಹಾಡಿದ್ದು ನನ್ನ ಪುಸ್ತಕದಲ್ಲೇ ಇತ್ತು. ನನ್ನ ಕೈ ಮೇಲೆದ್ದಿತು, ರೂಢಿಯಂತೆ. ಕವಿಗಳ ಹುಬ್ಬೂ ಗಂಟಾಯಿತು. ಆದರೆ ಅವಳು ಕಣ್ಣು ಮುಚ್ಚಿದ್ದಳು, ನನ್ನ ಕೈ ಕಾಣಲಿಲ್ಲ. ನಾನು ಕೈಯನ್ನು ತೊಡೆಯ ಮೇಲೆ ಇಳಿಸಿದೆ. ಮುಂದೆಯೂ ಹಾಗೆಯೇ, ಮಾದರಿಯಲ್ಲಿ ಅವರು ಎಲ್ಲೆಲ್ಲಿ ನಿಂತಿದ್ದರೋ ಅಲ್ಲಲ್ಲಿ ನಿಂತಳು. ಎರಡನೆಯ ಚರಣದಲ್ಲಿ "ತಣಿ" ಎಂದು ನಿಂತು "ದಿಲ್ಲ" ಎಂದಳು, ಅಂದು ಮಧ್ಯಾಹ್ನ ಅವರ ಪಿಸುಮಾತು ತುಂಡಾದ ಜಾಗದಲ್ಲಿ. ಬಿಸುಪು ಎಂಬಲ್ಲಿ ಏರಲಿಲ್ಲ.

ಹಾಡು ಮುಗಿದು ಕವಿಗಳು ಬಾಯಿ ತೆರೆಯುವ ಮೊದಲೇ ಟೇಪಿನ ತುದಿ ಸ್ಪೂಲಿನಿಂದ ಬಿಟ್ಟುಕೊಂಡು ಪಟಪಟ ಹೊಡೆಯತೊಡಗಿತು. ಯಂತ್ರ ನಿಲ್ಲಿಸಿದೆ.

"ಇನ್ನೊಂದು" ಎಂದರು ಕವಿಗಳು.

ಮಗಳು ಕಣ್ಣು ಬಿಟ್ಟಳು.

"ಅಲ್ಲಲ್ಲಿ ಪದ ಮುರಿದಿದ್ದಿ. ಅದು ನನ್ನ ದಮ್ಮು ಕಟ್ಟಿದ್ದು ಮಗಾ, ಹಾಡಿನದ್ದಲ್ಲ. ನೀನು ಯಾಕೆ ನಿಂತದ್ದು? ಇನ್ನೊಂದು ಹಾಡು. ಒಂದೇ ಉಸಿರು."

"ಇಲ್ಲ" ಎಂದಳು. "ಅಪ್ಪ ಹಾಡಿದ ಹಾಗೆ ಹಾಡಿದೆ."

"ತಪ್ಪು ಅದು."

"ಇರ್ಲಿ" ಎಂದು ಎದ್ದು ಹೋದಳು. ಅಡುಗೆಮನೆಯ ಬಾಗಿಲು ಹಾಕಿಕೊಂಡಳು.

ಕವಿಗಳು ನನ್ನತ್ತ ತಿರುಗಿದರು. "ಕತ್ತರಿಸ್ಬೇಡ. ಇವತ್ತಲ್ಲದಿದ್ರೆ ನಾಳೆ ಬೆಳಿಗ್ಗೆ ಹಾಡ್ತಾಳೆ. ನಾನು ಸರಿ ಹೇಳ್ಲಿಲ್ಲ ಇನ್ನೂ."

ಆರು ತಿಂಗಳು ಅವರು ಸರಿ ಎಂದದ್ದಷ್ಟೇ ನನಗೆ ಸರಿ. ನಾನು ಬ್ಲೇಡ್ ತೆಗೆದೆ. ಹಾಡಿನ ಮೊದಲನ್ನೂ ಕೊನೆಯನ್ನೂ ಗುರುತು ಮಾಡಿ, ಕತ್ತರಿಸಿ, ಮುಗಿದ ಸ್ಪೂಲಿಗೆ ಬೆಸೆದು, ಬೆರಳಿನಿಂದ ಒತ್ತಿದೆ. ಕವಿಗಳು ನೋಡುತ್ತ ಕೂತಿದ್ದರು. ಬೈದರೋ ಏನೋ, ತುಟಿ ಅಲುಗಿತು, ದನಿ ಬರಲಿಲ್ಲ. ಪುಸ್ತಕದಲ್ಲಿ ಹನ್ನೆರಡನೆಯ ಹಾಡಿನ ಎದುರಿಗೆ, ಎಷ್ಟನೆಯ ಸಲ ಎಂಬಲ್ಲಿ ಒಂದು ಎಂದು ಬರೆದೆ. ದೋಷದ ಕಾಲಮ್ಮು ಖಾಲಿ ಬಿಟ್ಟೆ.

ಬುಧವಾರ ಆಪರೇಷನ್ ಆಯಿತು. ಜುಲೈ ಕೊನೆಗೆ ಅವರು ಕೊಚ್ಚಿಗೆ ಮರಳಿದರು. ಕತ್ತಿನಲ್ಲೊಂದು ತೂತು, ಅದರ ಮೇಲೆ ತೆಳ್ಳಗಿನ ಬಟ್ಟೆ, ಮಡಿಲಲ್ಲಿ ಒಂದು ಸ್ಲೇಟು. ನಾನು ಹೋದಾಗಲೆಲ್ಲ ಹನ್ನೆರಡೂ ಹಾಡು ಹಾಕಿಸುತ್ತಿದ್ದರು. ಹನ್ನೊಂದಕ್ಕೆ ತೊಡೆಯ ಮೇಲೆ ತಾಳ ಹಾಕುವರು. ಹನ್ನೆರಡನೆಯದು ಮುಗಿದ ಕೂಡಲೇ ಸ್ಲೇಟಿನ ಮೇಲೆ ಬರೆದು ನನ್ನ ಮುಖದೆದುರು ಹಿಡಿಯುವರು: ಉಸಿರು ತೆಗೆ.

ತೆಗೆಯಬಹುದಿತ್ತು. ಮೂರು ಅಂಗುಲದಷ್ಟು ಟೇಪನ್ನು ಕತ್ತರಿಸಿ ಬೆಸೆದರೆ ಬೀಸಿದವರು ಒಂದೇ ಪದವಾಗುತ್ತಿತ್ತು. ಅಂಥದ್ದನ್ನು ಹಿಂದಿನ ಹಾಡುಗಳಲ್ಲಿ ಎರಡು ಕಡೆ ಮಾಡಿದ್ದೆ. ಬ್ಲೇಡ್ ಮೊಂಡಾಗಿದೆ ಸಾರ್ ಎಂದೆ ಒಮ್ಮೆ. ಬೆಸೆಯುವ ಪಟ್ಟಿ ಮುಗಿದಿದೆ ಎಂದೆ ಇನ್ನೊಮ್ಮೆ. ಆಗಸ್ಟಿನಲ್ಲಿ ಹಡಗು ಬಂತು, ಹೊಸ ಟೇಪೂ ಬಂತು. ಮತ್ತೆ ಹಾಡು ಎಂದು ಅವರು ಮಗಳಿಗೆ ಮಲಯಾಳದ ಅಕ್ಷರದಲ್ಲಿ ಬರೆದು ತೋರಿಸಿದರು. ಅವಳು ಸ್ಲೇಟು ತೊಳೆದು ತಂದಿಟ್ಟಳು. ಹೀಗೆ ಐದು ಸಲ ಕೇಳಿದರು. ಐದನೆಯದು ಅಕ್ಟೋಬರ್ 15. ಅದರ ಮುಂದಿನ ತಿಂಗಳು ತೀರಿಕೊಂಡರು.

ಕೂಟದವರು ಟೇಪಿನ ಪ್ರತಿಗಳನ್ನು ಮಾಡಿಸಿ ಹಂಚಿದರು. ಎಡಪ್ಪಳ್ಳಿಗೂ ಫೋರ್ಟ್ ಕೊಚ್ಚಿಗೂ ಹೋಯಿತು, ವರ್ಗವಾದವರ ಜೊತೆ ಇನ್ನೂ ದೂರ ಹೋಯಿತು. ಕವಿಗಳು ಬಯಸಿದಂತೆ ಎಲ್ಲರೂ ಒಂದೇ ಧಾಟಿಯಲ್ಲಿ ಹಾಡತೊಡಗಿದರು.

ಕಳೆದ ವರ್ಷ ತಿರುವನಂತಪುರದಲ್ಲಿ ನಮ್ಮ ಕನ್ನಡದ ಮನೆಗಳವರೆಲ್ಲ ಒಂದು ಸಂಜೆ ಸೇರಿದ್ದೆವು. ಶಿಕ್ಷಕಿಯ ಕೆಲಸ ಸಿಕ್ಕಿ ಈ ಊರಿಗೆ ಬಂದಿದ್ದ ಕವಿಗಳ ಮಗಳನ್ನೂ ಕರೆದಿದ್ದರು. ಹೊಸದಾಗಿ ವರ್ಗವಾಗಿ ಬಂದಿದ್ದ ಬ್ಯಾಂಕಿನವರೊಬ್ಬರ ಹೆಂಡತಿ ಹಾಡಲು ಕೂತರು. ಹುಬ್ಬಳ್ಳಿಯ ಕಡೆಯವರು, ಗಟ್ಟಿ ಕಂಠ. ಅವರಿಗೆ ನನ್ನ ಪರಿಚಯವಾಗಲಿ ಮಗಳ ಪರಿಚಯವಾಗಲಿ ಇರಲಿಲ್ಲ. "ಇದನ್ನ ನಾನು ಟೇಪ್ ಕೇಳಿ ಕಲ್ತೀನ್ರಿ, ಯಾರು ಬರ್ದಾರೋ ಗೊತ್ತಿಲ್ಲ" ಎಂದು ಹೇಳಿ, ಮಡಿಲಲ್ಲಿದ್ದ ಕೂಸನ್ನು ಪಕ್ಕದವರಿಗೆ ಕೊಟ್ಟು ಶುರುಮಾಡಿದರು.

ಹೊರಟ ಹಡಗಿಗೆ ಕೈಯ ಬೀಸಿ.

ನಿಂತರು. ಅವರಿಗೆ ಅಲ್ಲಿ ಉಸಿರಿನ ಅಗತ್ಯವೇ ಇರಲಿಲ್ಲ, ಹಾಡು ಹಾಗೆಯೇ ಇದೆಯೆಂದು ತಿಳಿದು ನಿಂತರು. ನನ್ನ ಪಕ್ಕದ ಕುರ್ಚಿಯಲ್ಲಿ ಕೂತಿದ್ದ ಮಗಳೂ ಆ ಜಾಗದಲ್ಲಿ ಅವರ ಜೊತೆಗೇ ಉಸಿರೆಳೆದುಕೊಂಡಳು, ನನಗೆ ಕೇಳಿಸುವಷ್ಟು.